ಮಂತ್ರಿಯ ಪಾಲು

ಸೆಪ್ಟೆಂಬರ್ 1, ಸೋಮವಾರ

ಇಪ್ಪತ್ತೊಂದೂವರೆ. ಮತ್ತೆ ಅರ್ಧ ಕಿಲೋ ಇಳಿದಿದ್ದಾನೆ.

ಎಂದಿನಂತೆ ಮಂತ್ರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಂತೆ. ಇಬ್ಬರದೂ ಸೇರಿ ಎಪ್ಪತ್ತೊಂಬತ್ತೂವರೆ. ಅದರಲ್ಲಿ ನನ್ನ ಐವತ್ತೆಂಟು ಕಳೆದರೆ ಉಳಿದದ್ದು ಅವನು. ಹೋದ ತಿಂಗಳು ಇಪ್ಪತ್ತೆರಡಿದ್ದ. ಹನ್ನೊಂದು ತಿಂಗಳ ನಾಯಿ, ಮೈ ತುಂಬಿಕೊಳ್ಳಬೇಕಾದ ವಯಸ್ಸಿನಲ್ಲಿ ಕರಗುತ್ತಿದೆ. ಈ ಮನೆಯಲ್ಲಿ ಒಬ್ಬರ ಕಣ್ಣಿಗಾದರೂ ಅದು ಬಿದ್ದಿದ್ದರೆ ಕೇಳಿ.

"ಕರಗ್ತಾ ಇದೆಯಾ? ಸರಿಯಾಗಿ ನೋಡಮ್ಮ. ದಿಂಬಿಗೆ ನಾಲ್ಕು ಕಾಲು ಬಂದ ಹಾಗಿದೆ" ಎಂದರು ಅತ್ತೆ.

"ಅದು ಕೂದಲು ಅತ್ತೆ."

"ಕೂದಲು ಹೊಟ್ಟೆ ಕೆಳಗೆ ಜೋತಾಡುತ್ತಾ?"

ಅತ್ತೆ ಬಾಣಂತನಕ್ಕೆಂದು ಬಂದವರು. ಒಂದು ತಿಂಗಳಿದ್ದು ಹೋಗ್ತೀನಿ ಎಂದಿದ್ದರು. ಪುಟ್ಟಿಗೆ ಈಗ ಐದು ತಿಂಗಳು. ಪುಟ್ಟಿಯನ್ನು ನೋಡಿಕೊಳ್ಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಹಸಿ ಮಾಂಸ ಕಂಡರೆ ಅವರಿಗೆ ಆಗದು. ನಾನು ಅಡುಗೆಮನೆಯಲ್ಲಿ ಕೋಳಿಯ ಕತ್ತು ತುಂಡರಿಸುತ್ತಿದ್ದರೆ ಮೂಗಿಗೆ ಟವೆಲ್ ಕಟ್ಟಿಕೊಂಡು, ದರೋಡೆಗೆ ಹೊರಟವರ ಹಾಗೆ ಓಡಾಡುತ್ತಾರೆ.

ಶೋಕಿಗೆ ಹಸಿ ಮಾಂಸ ಹಾಕುತ್ತಿಲ್ಲ. ಒಣ ಆಹಾರ ತಿಂದಾಗಲೆಲ್ಲ ಮಂತ್ರಿ ಮೈ ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದ. ಮರಿಯನ್ನು ಕೊಟ್ಟವಳೇ ಅಳತೆ ಹೇಳಿಕೊಟ್ಟಳು. ಎಳೆ ಮರಿಗೆ ದಿನಕ್ಕೆ ಅದರ ತೂಕದ ನೂರಕ್ಕೆ ಹತ್ತು ಪಾಲು. ಬೆಳೆಯುತ್ತ ಎಂಟು, ಆರು, ನಾಲ್ಕು. ಬೆಳೆದು ನಿಂತ ಮೇಲೆ ಎರಡೂವರೆ. ಒಂದು ವರ್ಷದ ಹೊತ್ತಿಗೆ ಪಾಲು ಇಳಿಸಬೇಕು ಎಂದಿದ್ದಳು. ಆದರೆ ತಾನಾಗಿಯೇ ಇಳಿಯುತ್ತಿರುವ ನಾಯಿಗೆ ಊಟವನ್ನೂ ಇಳಿಸುವುದು ಯಾವ ನ್ಯಾಯ? ಐದು ಪಾಲು ಹಾಕುತ್ತಿದ್ದೇನೆ, ಹಾಕುತ್ತೇನೆ. ಸಂಖ್ಯಾಶಾಸ್ತ್ರ ಓದಿದವಳಿಗೆ ನೂರಕ್ಕಿಷ್ಟು ಎನ್ನುವ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಸೆಪ್ಟೆಂಬರ್ 4, ಗುರುವಾರ

ಪುಟ್ಟಿಯನ್ನು ಎದೆಗೆ ಕಟ್ಟಿಕೊಂಡು ಮಾಂಸದಂಗಡಿಗೆ ಹೋಗಿದ್ದೆ. ಕೋಳಿಯ ಕತ್ತು, ಗುಂಡಿಗೆ, ಬೆನ್ನು ಮೂಳೆ, ಸ್ವಲ್ಪ ಲಿವರ್.

"ಅಕ್ಕಾ, ನಿಜ ಹೇಳಿ. ಮನೇಲಿ ಸಾಕಿರೋದು ನಾಯೀನಾ, ಹುಲೀನಾ?"

"ನಿನಗೆ ವ್ಯಾಪಾರ ಆದ್ರೆ ಸಾಕಲ್ವಾ?"

"ಸಾಕು ಸಾಕು. ಇದೆಲ್ಲ ಅವನಿಗಾಯ್ತು. ನಿಮಗೇನು ಕೊಡ್ಲಿ?"

ನನಗೆ ಏನೂ ಬೇಡವೆಂದೆ. ಮಾಂಸ ಕತ್ತರಿಸಿ ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಸೇರಿಸಿ ಹಲಗೆ ಉಜ್ಜಿ ತೊಳೆಯುವಷ್ಟರಲ್ಲಿ ಆ ವಾಸನೆಗೇ ನನ್ನ ಹೊಟ್ಟೆ ತುಂಬಿರುತ್ತದೆ.

ಮಂತ್ರಿಯ ಕೊರಳಪಟ್ಟಿ ಬಿಗಿಯಾಗಿದೆ. ಕೊನೆಯ ತೂತಿಗೆ ಹಾಕಿದೆ. ಮೊನ್ನೆ ತುಂತುರಿನಲ್ಲಿ ನೆನೆದನಲ್ಲ, ಚರ್ಮ ಕುಗ್ಗಿದೆ. ನನ್ನ ಪ್ಯಾಂಟುಗಳದ್ದು ಉಲ್ಟಾ ಕಥೆ. ಈ ವಾಷಿಂಗ್ ಮಷೀನು ಎಲಾಸ್ಟಿಕ್ಕಿನ ಜೀವ ಹಿಂಡಿಬಿಟ್ಟಿದೆ. ಮೂರಕ್ಕೂ ಪಿನ್ನು ಹಾಕಿಕೊಂಡೆ. ಈಗಿನ ಸಾಮಾನು ಯಾವುದಕ್ಕೂ ಬಾಳಿಕೆಯಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಪುಟ್ಟಿ ಮಲಗಲಿಲ್ಲ. ನಾನೂ ಇಲ್ಲ. ಮೊಟ್ಟೆ ಬೇಯಲು ಇಟ್ಟು ಮರೆತೆ, ಪಾತ್ರೆ ಕರಕಲು. ಎರಡು ಬಿಸ್ಕತ್ತು ತಿಂದೆ.

ಮಂತ್ರಿ ಇವತ್ತು ಬಟ್ಟಲಿನಲ್ಲಿ ಎರಡು ತುಂಡು ಬಿಟ್ಟ. ಎರಡು! ಪಕ್ಕದಲ್ಲಿ ಕೂತು ಕೈಯಾರೆ ತಿನ್ನಿಸಿದೆ. ಮುಖ ತಿರುಗಿಸಿದ, ತಲೆ ಸವರಿದೆ, ಬೈದೆ, ಮುದ್ದು ಮಾಡಿದೆ. ಪೂರ್ತಿ ನುಂಗುವವರೆಗೆ ನಾನು ಏಳಲಿಲ್ಲ. ತಿನ್ನುವುದನ್ನು ಬಿಟ್ಟವರನ್ನು ಹಾಗೇ ಬಿಟ್ಟುಬಿಟ್ಟರೆ ಏನಾಗುತ್ತದೆಂದು ಯಾರಾದರೂ ಯೋಚಿಸಬೇಕಲ್ಲ.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಮನೆಯಲ್ಲಿ ದೊಡ್ಡ ರಂಪ.

ಅತ್ತೆ ಪುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಮೇಲೆ ಕೂತರು. ಬೆನ್ನಿಗೇನೋ ಒತ್ತಿತು. ಮೆತ್ತೆಯ ಹಿಂದೆ ಕೈ ಹಾಕಿದರು. ಕೈಗೆ ಬಂದದ್ದು ಕೋಳಿಯ ಕತ್ತು. ಇವತ್ತಿನದಲ್ಲ, ನಿನ್ನೆಯದೂ ಅಲ್ಲ ಅನ್ನಿಸುವಂಥದ್ದು.

ಅವರ ಕಿರುಚಾಟಕ್ಕೆ ಪುಟ್ಟಿ ಕಿರುಚಿದಳು. ಪುಟ್ಟಿ ಕಿರುಚಿದ್ದಕ್ಕೆ ಮಂತ್ರಿ ಬೊಗಳಿದ. ಸ್ನಾನಕ್ಕೆ ಹೋಗಿದ್ದ ಇವರು ಮೈಗೆಲ್ಲ ಸೋಪು ಹಚ್ಚಿಕೊಂಡೇ ಓಡಿಬಂದರು. ಆಮೇಲೆ ಹುಡುಕಿದರೆ ಇನ್ನೂ ಒಂದು ತುಂಡು ಕಾಲೊರಸಿನ ಕೆಳಗೆ, ಒಂದು ಇವರ ಶೂವಿನ ತುದಿಯಲ್ಲಿ, ಚಪ್ಪಟೆಯಾಗಿ. ಇವರು ಆ ಶೂ ಹಾಕಿಕೊಂಡು ನಿನ್ನೆ ಕೆಲಸಕ್ಕೆ ಹೋಗಿದ್ದರಂತೆ! "ಲಿಫ್ಟ್ ಒಳಗೆ ಏನೋ ಸತ್ತಿದೆ ಅಂತ ದಿನವಿಡೀ ಹುಡುಕಿದೆ" ಎಂದರು. ಇವರ ಕೆಲಸವೇ ಲಿಫ್ಟ್ ರಿಪೇರಿ; ಇಡೀ ಕಟ್ಟಡದವರು ಮೂಗು ಮುಚ್ಚಿಕೊಂಡು ಮೆಟ್ಟಿಲಿನಲ್ಲಿ ಹತ್ತಿ ಇಳಿದರಂತೆ. ನನಗೆ ನಗು ಬಂತು. ನಕ್ಕದ್ದು ತಪ್ಪಾಯಿತು.

"ನಗ್ತೀಯಾ? ಇವತ್ತು ನನ್ನ ಬೆನ್ನಿಗೆ ಸಿಕ್ತು. ನಾಳೆ ಮಗು ಅಂಬೆಗಾಲಿಟ್ಟರೆ ಅದರ ಬಾಯಿಗೇ ಸಿಗುತ್ತೆ. ಆಗ್ಲೂ ನಗು" ಎಂದರು ಅತ್ತೆ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಭಾವನಿಗೆ, ಅಂದರೆ ಇವರ ಅಣ್ಣನಿಗೆ, ಫೋನ್ ಮಾಡಿದರು. ಭಾವನ ಗೋಡೌನಿಗೆ ಕಾವಲು ನಾಯಿ ಬೇಕಂತೆ. ಪುಟ್ಟಿ ಅಂಬೆಗಾಲಿಡುವುದರೊಳಗೆ ಮಂತ್ರಿಯನ್ನು ಅಲ್ಲಿಗೆ ಕಳಿಸುವುದೆಂದು ತೀರ್ಮಾನ. ತೀರ್ಮಾನ ಮಾಡಿದವರು ಅತ್ತೆ, ತಲೆಯಾಡಿಸಿದವರು ಇವರು, ನನ್ನನ್ನು ಕೇಳಿದವರು ಯಾರೂ ಇಲ್ಲ.

ಸಿಮೆಂಟು ಚೀಲಗಳ ನಡುವೆ ಸರಪಳಿ ಹಾಕಿ ಕಟ್ಟುತ್ತಾರೆ. ನನಗೆ ಗೊತ್ತು, ಹಿಂದಿನ ನಾಯಿಯನ್ನು ನೋಡಿದ್ದೇನೆ. ಪುಟ್ಟಿ ಹುಟ್ಟಿದಾಗಿನಿಂದ ಅವಳನ್ನು ಹೆಗಲಿಗೆ ಹಾಕಿಕೊಂಡು ಈ ಕೋಣೆಯಿಂದ ಆ ಕೋಣೆಗೆ ನಡೆಯುವಾಗ ನನ್ನ ಹಿಮ್ಮಡಿಗೆ ಮೂಗು ತಾಗಿಸಿಕೊಂಡು ನಡೆದವನು ಇವನೊಬ್ಬನೇ. ಮಿಕ್ಕವರೆಲ್ಲ ಮಲಗಿದ್ದರು. ಮಲಗಲಿ ಪಾಪ, ದುಡಿದು ಬರುವವರು, ವಯಸ್ಸಾದವರು. ಆದರೆ ಎಚ್ಚರವಿದ್ದವನನ್ನು ಕಳಿಸುತ್ತೇನೆಂದರೆ ನಾನು ಸುಮ್ಮನಿರುವವಳಲ್ಲ.

ಸೆಪ್ಟೆಂಬರ್ 18, ಗುರುವಾರ

ಇಪ್ಪತ್ತೊಂದು.

ಅವನನ್ನು ಎತ್ತುವಾಗ ತೋಳು ನಡುಗಿತು, ಕಣ್ಣು ಕತ್ತಲೆ ಬಂದಂತಾಗಿ ಗೋಡೆ ಹಿಡಿದುಕೊಂಡೆ. ತೂಕ ಇಳಿದವನು ಎತ್ತಲು ಹಗುರಾಗಬೇಕಿತ್ತು. ನಿದ್ದೆಯಿಲ್ಲದ ಕೈಗೆ ಎಲ್ಲವೂ ಭಾರ.

ಈಗ ಎಲ್ಲ ಸ್ಪಷ್ಟವಾಗಿದೆ. ಅವನಿಗೇನೋ ಕಾಯಿಲೆ. ಹಸಿವಿಲ್ಲ, ಅದಕ್ಕೇ ತಿನ್ನದೆ ತುಂಡುಗಳನ್ನು ಬಚ್ಚಿಡುತ್ತಿದ್ದಾನೆ. ಸೊರಗುತ್ತಿದ್ದಾನೆ. ಇವರ ಮುಂದೆ ಹೇಳಿದೆ: "ಸೊರಗಿದ ನಾಯೀನ ಜಾಗ ಬದಲಾಯಿಸಿದ್ರೆ ಉಳಿಯಲ್ಲ. ಅವನು ಚೇತರಿಸಿಕೊಳ್ಳೋವರೆಗೂ ಎಲ್ಲಿಗೂ ಕಳಿಸಲ್ಲ."

"ಸೊರಗಿದೆಯಾ ಅದು?" ಇವರು ಮಂತ್ರಿಯನ್ನು ತಲೆಯಿಂದ ಬಾಲದವರೆಗೆ ನೋಡಿದರು.

"ಅಂಕಿ ಹೇಳುತ್ತೆ."

"ಅಂಕಿ ಹೇಳುತ್ತೆ, ಸರಿ. ಕಣ್ಣೇನು ಹೇಳುತ್ತೆ?"

"ಕಣ್ಣಿಗೇನು ಗೊತ್ತು" ಎಂದೆ. ಇವತ್ತಿನಿಂದ ಐದಲ್ಲ, ಆರು ಪಾಲು. ಅದೇನು ಮಾಡುತ್ತಾರೋ ಮಾಡಲಿ.

ಪುಟ್ಟಿಯನ್ನು ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ. ಚೆನ್ನಾಗಿ ಬೆಳೆಯುತ್ತಿದ್ದಾಳೆ, ತೊಡೆಯಲ್ಲಿ ಮಡಿಕೆ ಬಿದ್ದಿದೆ. ನರ್ಸು ಅವಳನ್ನು ತೂಗಿ ಕೈಗೆ ಕೊಡುವಾಗ ನನ್ನ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಮಗು ಅತ್ತಿತು.

ಸೆಪ್ಟೆಂಬರ್ 23, ಮಂಗಳವಾರ

ಪಶುವೈದ್ಯೆಯ ಬಳಿ ಒಂದು ಮಾತು ಬರೆಸಿಕೊಂಡು ಬರೋಣ, ಈ ನಾಯಿ ಪ್ರಯಾಣಕ್ಕೆ ಯೋಗ್ಯವಲ್ಲ ಎಂದು ಅವರೇ ಹೇಳಿದರೆ ಅತ್ತೆಯ ಬಾಯಿಗೆ ಬೀಗ ಬೀಳುತ್ತದೆ ಎಂದುಕೊಂಡು ಹೋದೆ.

"ಸೊರಗಿದೆ ಅಂದ್ರಲ್ಲ, ಆ ನಾಯಿ ಎಲ್ಲಿ?"

"ಇದೇ."

ಆಕೆ ಮಂತ್ರಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮಂತ್ರಿಯನ್ನು ನೋಡಿದರು. ನೆಲದ ಮೇಲಿನ ತಟ್ಟೆಯಂಥ ಯಂತ್ರದ ಮೇಲೆ ನಡೆಸಿದರು. ಇಪ್ಪತ್ತೇಳೂವರೆ.

"ನಿಮ್ಮ ಯಂತ್ರ ಕೆಟ್ಟಿದೆ" ಎಂದೆ.

"ಬೆಳಗ್ಗೆಯಿಂದ ಎಲ್ಲ ನಾಯಿಗಳನ್ನೂ ಸರಿಯಾಗಿ ತೂಗಿ, ನಿಮ್ಮದು ಬಂದ ತಕ್ಷಣ ಕೆಟ್ಟಿತಾ?" ನನ್ನ ಕೈ ಹಿಡಿದು ಅವನ ಪಕ್ಕೆಯ ಮೇಲಿಟ್ಟರು. "ಪಕ್ಕೆಲುಬು ಹುಡುಕಿ ನೋಡೋಣ. ಸಿಕ್ತಾ?"

"ಹುಡುಕ್ತಿದ್ದೀನಿ."

"ನಿಧಾನವಾಗಿ ಹುಡುಕಿ. ಒಳಗೆಲ್ಲೋ ಇರುತ್ತೆ."

ನಗುತ್ತಲೇ ಬುದ್ಧಿ ಹೇಳಿದರು. ಇವನು ಬೆಳೆದು ನಿಂತಾಯಿತಂತೆ. ಬೆಳೆದವನಿಗೆ ಮರಿಯ ಊಟ ಹಾಕುತ್ತಿದ್ದೇನಂತೆ. ಇವನ ಜಾತಿಗೆ ಇಪ್ಪತ್ತಮೂರು ಕಿಲೋ ಸಾಕು, ಆ ಇಪ್ಪತ್ತಮೂರಕ್ಕೆ ಎರಡೂವರೆ ಪಾಲು ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವಾಗಿ ಅಲ್ಲಿಗೆ ಇಳಿಸಬೇಕಂತೆ. ಹೊಟ್ಟೆ ಬಿರಿಯುವಂತೆ ತಿಂದ ನಾಯಿ ಉಳಿದದ್ದನ್ನು ನಾಳೆಗೆಂದು ಬಚ್ಚಿಡುತ್ತದಂತೆ. ಅದು ಕಾಯಿಲೆಯಲ್ಲ, ಉಳಿತಾಯ. "ಇವನಿಗೆ ಕಮ್ಮಿ ಮಾಡಿ. ಮತ್ತೆ ನೀವು…" ಎಂದೇನೋ ಶುರುಮಾಡಿದರು. ನನ್ನ ಕಿವಿ ಮುಚ್ಚಿತ್ತು. ಚೀಲ ಎತ್ತಿಕೊಂಡು ಬಂದೆ. ಆರೂವರೆ ಕಿಲೋ ವ್ಯತ್ಯಾಸ! ಮಂತ್ರಿ ಏನು ಕಲ್ಲು ನುಂಗಿಕೊಂಡು ಹೋಗಿದ್ದನೆ?

ಅದೇ ದಿನ, ಸಂಜೆ

ಇವರು ಕೆಲಸದಿಂದ ಬಂದ ಕೂಡಲೇ ಬಚ್ಚಲುಮನೆಗೆ ಎಳೆದುಕೊಂಡು ಹೋದೆ. ನಮ್ಮ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ತೋರಿಸಬೇಕಿತ್ತು. ಅತ್ತೆ ಪುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತರು.

ಇವರು ಮೊದಲು ಒಬ್ಬರೇ ಹತ್ತಿದರು, ಆಮೇಲೆ ಮಂತ್ರಿಯನ್ನು ಎತ್ತಿಕೊಂಡು ಹತ್ತಿದರು. ಕಳೆದರೆ ಇಪ್ಪತ್ತೇಳೂವರೆ.

"ನೀವು ಅಲ್ಲಾಡಿದ್ರಿ. ಕೊಡಿ ಇಲ್ಲಿ" ಎಂದೆ. ನಾನು ಎತ್ತಿಕೊಂಡು ನಿಂತೆ. ಎಪ್ಪತ್ತೊಂಬತ್ತು. "ನೋಡಿ! ಇದರಲ್ಲಿ ನನ್ನ ಐವತ್ತೆಂಟು ಕಳೀರಿ. ಎಷ್ಟಾಯ್ತು? ಇಪ್ಪತ್ತೊಂದು. ಆಯ್ತಾ? ಯಂತ್ರ ಅದೇ, ನಾಯಿ ಅದೇ!"

ಇವರೂ ಬಾಗಿಲಲ್ಲಿದ್ದ ಅತ್ತೆಯೂ ನಾಯಿಯನ್ನು ನೋಡುತ್ತಿರಲಿಲ್ಲ.

"ಏನು? ಏನು ಹಾಗೆ ನೋಡ್ತೀರಾ? ಬೇಕಾದ್ರೆ ನಾನೊಬ್ಬಳೇ ನಿಲ್ತೀನಿ" ಎಂದು ಮಂತ್ರಿಯನ್ನು ಇಳಿಸಿದೆ.

ನಿಂತೆ.

ಸೆಪ್ಟೆಂಬರ್ 24, ಬುಧವಾರ

ಐವತ್ತೊಂದೂವರೆ.

ಆ ಐವತ್ತೆಂಟು ಹೆರಿಗೆಯಾದ ಮೇಲಿನ ಮೊದಲ ತಪಾಸಣೆಯಲ್ಲಿ ನೋಡಿದ್ದು. ಆಮೇಲೆ ನನ್ನನ್ನು ತೂಗುವ ಸಂದರ್ಭ ಬರಲಿಲ್ಲ. ಪುಟ್ಟಿಯನ್ನು ತೂಗಿದೆವು, ಮಂತ್ರಿಯನ್ನು ತೂಗಿದೆವು, ಕೋಳಿಯ ಕತ್ತನ್ನು ತೂಗಿದೆವು. ಲೆಕ್ಕದಲ್ಲಿ ನಾನು ಬದಲಾಗದ ಸಂಖ್ಯೆಯಾಗಿದ್ದೆ.

ನನಗೆ ನನ್ನ ಮೇಲೆ ಕನಿಕರವಿಲ್ಲ, ಸಿಟ್ಟಿದೆ. ಸಂಖ್ಯಾಶಾಸ್ತ್ರದಲ್ಲಿ ಪದವಿ ಬೇರೆ!

ಸೆಪ್ಟೆಂಬರ್ 25, ಗುರುವಾರ

ಇವರು ರಜೆ ಹಾಕಿ ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ರಕ್ತ ಕಡಿಮೆ, ನಿದ್ದೆ ಕಡಿಮೆ, ಊಟ ಕಡಿಮೆ. ಬೇರೇನೂ ಇಲ್ಲ. ಮಾತ್ರೆ ಕೊಟ್ಟರು. ಮೂರು ಹೊತ್ತು ಕೂತು ಊಟ ಮಾಡಬೇಕು ಎಂದರು. "ಕೂತು" ಎಂಬುದನ್ನು ಎರಡು ಸಲ ಹೇಳಿದರು.

ಅತ್ತೆ ನಿನ್ನೆಯಿಂದ ನನ್ನ ತಟ್ಟೆಗೆ ಕಾವಲು ನಿಂತಿದ್ದಾರೆ.

"ಇನ್ನೊಂದು ತುತ್ತು."

"ನನ್ನನ್ನೇನು ಮಂತ್ರಿ ಅಂದ್ಕೊಂಡ್ರಾ ಅತ್ತೆ?"

"ಮಂತ್ರಿಗೆ ಪಕ್ಕದಲ್ಲಿ ಕೂತು ಕೈಯಾರೆ ತಿನ್ನಿಸಿದ್ದು ಯಾರು? ನಾನಾ?"

ಸಿಟ್ಟು ಬಂತು. ತಿಂದೆ. ಅವರು ಹೇಳಿದರೆಂದು ತಿನ್ನಲಿಲ್ಲ, ಹಸಿವಿತ್ತು.

ಆದರೆ ಈ ಕಾಳಜಿಯ ಹಿಂದೆಯೇ ಇನ್ನೊಂದು ಮಾತು ಬಂತು. "ಇದೆಲ್ಲ ಆ ನಾಯಿಯಿಂದಲೇ. ಇವಳ ಪ್ರಾಣ ಹಿಂಡಿ ಅದು ದಪ್ಪಗಾಗಿದೆ. ಭಾನುವಾರ ನಿಮ್ಮಣ್ಣ ವ್ಯಾನ್ ತರ್ತಾನೆ" ಎಂದು ಇವರಿಗೆ ಹೇಳಿದರು. ಸೊರಗಿದ ನಾಯಿಯನ್ನು ಕಳಿಸಲಾಗದೆಂದು ವಾದಿಸಿದ್ದೆ. ಸೊರಗಿದ್ದು ನಾನು ಎಂದಾದ ಮೇಲೆ ಅದೇ ವಾದ ತಿರುಗಿ ಬಂದು ನನ್ನ ಕೆನ್ನೆಗೇ ಬಾರಿಸಿತು. ನನ್ನನ್ನೂ ಪುಟ್ಟಿಯನ್ನೂ ಸ್ವಲ್ಪ ದಿನ ಅಮ್ಮನ ಮನೆಗೆ ಕಳಿಸಿದರೆ ಹೇಗೆ ಎಂದು ಇವರು ಗೊಣಗಿದರು. ನಾನು ಪಾರ್ಸಲ್ ಅಲ್ಲ ಎಂದೆ. ಮಂತ್ರಿಯೂ ಅಲ್ಲ.

ಸೆಪ್ಟೆಂಬರ್ 28, ಭಾನುವಾರ

ಭಾವ ಬಂದರು. ಕೈಯಲ್ಲಿ ಹೊಸ ಸರಪಳಿ.

ಬಾಗಿಲಿಗೆ ಅಡ್ಡ ನಿಂತು ಜಗಳವಾಡಬೇಕೆಂದು ಬೆಳಗ್ಗೆಯಿಂದ ಮಾತು ಹೊಂದಿಸಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಭಾವ ಮಂತ್ರಿಯನ್ನು ವ್ಯಾನಿನವರೆಗೆ ಎಳೆದುಕೊಂಡು ಹೋದರು. "ಹತ್ತು" ಎಂದರು. ಮಂತ್ರಿ ಮುಂಗಾಲು ಮೇಲಿಟ್ಟ. ಹಿಂಗಾಲು ಎತ್ತಲಾಗದೆ, ಸಭೆಯಲ್ಲಿ ಭಾಷಣಕ್ಕೆ ನಿಂತವನಂತೆ ಹಾಗೇ ನಿಂತು ಸುತ್ತಲೂ ನೋಡಿದ. ಭಾವ ಹಿಂದಿನಿಂದ ತಳ್ಳಿದರು. ಮಂತ್ರಿ ಕೂತುಬಿಟ್ಟ. ಅವರ ಕಾಲಿನ ಮೇಲೆ.

"ಅಯ್ಯಯ್ಯೋ! ಏನಿದು? ಇದಕ್ಕೇ ಒಬ್ಬ ಕಾವಲುಗಾರ ಬೇಕು. ಕಳ್ಳ ಬಂದ್ರೆ ಇದು ಎದ್ದು ನಿಲ್ಲೋ ಹೊತ್ತಿಗೆ ಅವನು ಗೋಡೌನ್ ಖಾಲಿ ಮಾಡ್ಕೊಂಡು ಊಟ ಮಾಡಿ ಮಲಗಿರ್ತಾನೆ."

ಇವರು ನಕ್ಕರು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

"ತೆಳ್ಳಗೆ ಮಾಡಿ ಕೊಡಮ್ಮ. ವ್ಯಾನಿಗೆ ತಾನೇ ಹಾರೋ ಹಾಗಾದಾಗ ಹೇಳು, ಬಂದು ಕರ್ಕೊಂಡು ಹೋಗ್ತೀನಿ" ಎಂದು ಭಾವ ಸರಪಳಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ ಹೋದರು.

ಸೆಪ್ಟೆಂಬರ್ 29, ಸೋಮವಾರ

ಅಂದರೆ ದಪ್ಪಗಿರುವವರೆಗೆ ನನ್ನವನು. ಸರಿಹೋದರೆ ಅವರವನು.

ಎಷ್ಟು ಸುಲಭ! ನಾನು ಏನೂ ಮಾಡಬೇಕಾಗಿಲ್ಲ. ಇಷ್ಟು ದಿನ ಹಾಕಿದಂತೆ ಹಾಕುತ್ತಾ ಹೋದರಾಯಿತು. ಬೆಳಗ್ಗೆ ಹಾಗೆಯೇ ಬಟ್ಟಲು ತುಂಬಿದೆ, ಆರು ಪಾಲು, ಮೇಲೊಂದು ಗುಂಡಿಗೆ. ಬಾಲ್ಕನಿಗೆ ಒಯ್ದೆ. ಮಂತ್ರಿ ಮಲಗಿದ್ದಲ್ಲಿಂದ ಎದ್ದ. ಎದ್ದ ಎಂದು ಬರೆಯುವುದು ಸುಲಭ. ಮೊದಲು ಮುಂಗಾಲು ಊರಿದ, ಹಿಂಗಾಲು ಜಾರಿತು, ಮತ್ತೆ ಊರಿದ, ಮತ್ತೆ ಜಾರಿತು. ಒಂದು ವರ್ಷದ ಪ್ರಾಣಿ, ಮುದುಕನ ಹಾಗೆ ಉಸಿರುಬಿಟ್ಟು ಮೇಲೆದ್ದು ಬಾಲ ಅಲ್ಲಾಡಿಸಿದ. ಇಷ್ಟು ದಿನ ಇದನ್ನು ಸುಸ್ತು ಎಂದುಕೊಂಡಿದ್ದೆ.

ಬಟ್ಟಲನ್ನು ವಾಪಸು ತಂದು ಸುಮಾರು ಕಾಲು ಭಾಗ ತೆಗೆದೆ. ಇನ್ನೆರಡು ವಾರದಲ್ಲಿ ಇನ್ನಷ್ಟು. ಅಲ್ಲಿಂದ ಎರಡೂವರೆಗೆ.

ನನ್ನ ಹತ್ತಿರ ಇರಲಿ ಎಂಬ ಆಸೆಗೆ ಅವನ ಕಾಲು ಮುರಿಯುವುದಿಲ್ಲ. ಅವನು ಹಾರುತ್ತಾನೆ. ಹಾರುವಂತೆ ಮಾಡುವವಳು ನಾನೇ. ಆಮೇಲೂ ಕೊಡುವುದಿಲ್ಲ. ಹೇಗೆಂದು ಗೊತ್ತಿಲ್ಲ. ನೋಡೋಣ, ಯಾರು ಕರೆದುಕೊಂಡು ಹೋಗುತ್ತಾರೋ.

ಅಕ್ಟೋಬರ್ 4, ಶನಿವಾರ

ಮಂತ್ರಿ ಮುಷ್ಕರ ಹೂಡಿದ್ದಾನೆ. ಬಟ್ಟಲು ನೆಕ್ಕಿ ನೆಕ್ಕಿ ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ನೂಕಿಕೊಂಡು ಹೋಗುತ್ತಾನೆ. ಖಾಲಿ ಬಟ್ಟಲನ್ನು ಬಾಯಲ್ಲಿ ಕಚ್ಚಿಕೊಂಡು ತಂದು ನನ್ನ ಕಾಲ ಬಳಿ ಹಾಕಿ, ಮೇಲೆ ನೋಡಿ, ನಿಟ್ಟುಸಿರು ಬಿಡುತ್ತಾನೆ. ನಾನು ಬಗ್ಗುವುದಿಲ್ಲ.

"ಏನೋ, ಖಾತೆ ಕಿತ್ಕೊಂಡ್ರಾ?" ಎಂದು ಅತ್ತೆ ಅವನನ್ನು ಕೇಳುತ್ತಿದ್ದರು. ಅವನ ಜೊತೆ ಮಾತಾಡಿದ್ದು ಇದೇ ಮೊದಲು ಅಂತ ಕಾಣುತ್ತದೆ.

ಡಾಕ್ಟರ ಮಾತಿನಂತೆ ನಾನು ಊಟಕ್ಕೆ ಕೂತ ಹೊತ್ತಿಗೇ ಅವನಿಗೂ ಹಸಿವು. ಒಂದೇ ಸಲ ಎರಡು ಕಡೆ ಇರಲಾಗದು. ಡಬ್ಬಿಯಲ್ಲಿ ಅಳೆದಿಟ್ಟಿರುತ್ತೇನೆ, ಬಟ್ಟಲಿಗೆ ಸುರಿದು ಬಾಲ್ಕನಿಯ ಬಾಗಿಲು ಹಾಕಿಬಿಡಿ ಎಂದು ಇವರಿಗೆ ಒಪ್ಪಿಸಿದೆ. ಸುರಿದರು. ಡಬ್ಬಿಯನ್ನು ಸೋಪು ಹಾಕಿ ತೊಳೆದರು, ಕೈಯನ್ನು ಎರಡು ಸಲ ತೊಳೆದರು. ಮಹಾ ಸಾಧನೆ ಮಾಡಿದವರ ಹಾಗೆ ನಿಂತರು.

ಅಕ್ಟೋಬರ್ 11, ಶನಿವಾರ

ಸೋಫಾ, ಶೂ, ಕಾಲೊರಸು ಎಲ್ಲ ಹುಡುಕಿದೆ. ಒಂದು ತುಂಡೂ ಇಲ್ಲ. ಹಾಕಿದ್ದನ್ನೆಲ್ಲ ಅಲ್ಲೇ ತಿಂದು ಮುಗಿಸುತ್ತಾನೆ. ಬಚ್ಚಿಡಲು ಏನೂ ಉಳಿಯುವುದಿಲ್ಲ. ಅತ್ತೆಯೂ ಹುಡುಕಿದ್ದಾರೆ. ಮೆತ್ತೆಗಳು ಜಾಗ ಬದಲಾಗಿದ್ದವು. ಏನೂ ಸಿಗದ್ದಕ್ಕೆ ಸ್ವಲ್ಪ ಬೇಜಾರಾದವರಂತೆ ಕಂಡರು.

ಅಕ್ಟೋಬರ್ 20, ಸೋಮವಾರ

ಪುಟ್ಟಿ ಅಂಬೆಗಾಲಿಟ್ಟಳು!

ಹೊಟ್ಟೆಯ ಮೇಲೆ ಮಲಗಿ ಈಜುತ್ತಿದ್ದವಳು ಇದ್ದಕ್ಕಿದ್ದಂತೆ ಮೊಣಕಾಲು ಊರಿ, ನೇರ ಮಂತ್ರಿಯ ಬಾಲದ ಕಡೆಗೆ ಹೊರಟಳು. ಅತ್ತೆ ಹೇಳಿದ ಗಡುವು ಇದೇ ತಾನೆ. ಅತ್ತೆ ಚಪ್ಪಾಳೆ ತಟ್ಟಿ ಕುಣಿದರು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. ಗಡುವಿನ ಮಾತು ಇಬ್ಬರೂ ಎತ್ತಲಿಲ್ಲ.

ಮಂತ್ರಿ ಬಾಲ ಎಳೆಸಿಕೊಂಡು, ಎದ್ದು ಹೋಗಿ ಬೇರೆ ಕಡೆ ಮಲಗಿದ. ಒಂದೇ ಏಟಿಗೆ ಎದ್ದ. ಜಾರಲಿಲ್ಲ.

ಅಕ್ಟೋಬರ್ 30, ಗುರುವಾರ

ಇವತ್ತು ಬರೆಯುವಂಥದ್ದೇನೂ ಇಲ್ಲ. ಮಧ್ಯಾಹ್ನ ಸುಮ್ಮನೆ ಒರಗಿದೆ. ಎದ್ದಾಗ ಬಿಸಿಲು ಗೋಡೆಯ ಆಚೆ ಹೋಗಿತ್ತು. ಮಂತ್ರಿಯ ಸಂಜೆಯ ಪಾಲು ತಪ್ಪಿಹೋಯಿತೆಂದು ಗಾಬರಿಯಿಂದ ಓಡಿದರೆ ಬಾಲ್ಕನಿಯಲ್ಲಿ ಅತ್ತೆ! ಮೂಗಿಗೆ ಟವೆಲ್, ಕೈಗೆ ಪ್ಲಾಸ್ಟಿಕ್ ಚೀಲ, ಚಿಮಟದಿಂದ ಒಂದೊಂದೇ ತುಂಡು ಬಟ್ಟಲಿಗೆ ಹಾಕುತ್ತಿದ್ದಾರೆ. ಮಂತ್ರಿ ಶಿಸ್ತಾಗಿ ಕೂತಿದ್ದಾನೆ. ನನ್ನ ಎದುರು ಅವನು ಹಾಗೆ ಕೂತವನೇ ಅಲ್ಲ.

"ನೋಡ್ತಾ ನಿಲ್ಬೇಡ. ನನಗೆ ವಾಂತಿ ಬರೋ ಹಾಗಾಗ್ತಿದೆ" ಎಂದರು.

ಅಳತೆಯಲ್ಲಿ ಎರಡು ಗುಂಡಿಗೆ ಹೆಚ್ಚಾಗಿತ್ತು. ಹೇಳಬೇಕೆಂದುಕೊಂಡವಳು ಮರೆತೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದೆ.

ನವೆಂಬರ್ 16, ಭಾನುವಾರ

ನಾವು ಯಾರೂ ಭಾವನನ್ನು ಕರೆದಿರಲಿಲ್ಲ. ಈ ಕಡೆ ಕೆಲಸವಿತ್ತಂತೆ, ಬಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದೇ ಮಂತ್ರಿ. ವ್ಯಾನಿನ ಹಿಂಬಾಗಿಲು ತೆರೆದಿತ್ತು. ಅವನು ಮೆಟ್ಟಿಲಿಳಿದು ಓಡಿ, ಯಾರೂ ಹೇಳದೆ, ಒಂದೇ ನೆಗೆತಕ್ಕೆ ಒಳಗೆ ಹಾರಿ, ಅಲ್ಲಿದ್ದ ಚೀಲಗಳನ್ನೆಲ್ಲ ಮೂಸಿ, ಹಾಗೆಯೇ ಹಾರಿ ಹೊರಗೆ ಬಂದನಂತೆ. ಭಾವ ಒಳಗೆ ಬರುವಾಗಲೇ ಹೊಗಳುತ್ತಾ ಬಂದರು.

"ಭೇಷ್! ಏನು ಮಾಡಿದೆಯಮ್ಮ ಇದಕ್ಕೆ? ಚಿಗರೆ ಥರ ಆಗಿದೆಯಲ್ಲ! ಇವತ್ತೇ ಕರ್ಕೊಂಡು ಹೋಗ್ತೀನಿ." ಕಿಟಕಿಯ ಸರಳಿನ ಮೇಲಿದ್ದ ಸರಪಳಿಗೆ ಕೈ ಹಾಕಿದರು.

ನಾವು ಊಟಕ್ಕೆ ಕೂತಿದ್ದೆವು. ನನ್ನ ತಟ್ಟೆಯಲ್ಲಿ ಅನ್ನ ಅರ್ಧ ಮುಗಿದಿತ್ತು.

"ಕೊಡಲ್ಲ ಭಾವ" ಎಂದೆ.

"ಯಾಕೆ? ಮಾತಾಗಿತ್ತಲ್ಲ."

"ನಾನು ಮಾತು ಕೊಟ್ಟಿರಲಿಲ್ಲ. ಕೊಡಲ್ಲ."

"ಅಲ್ಲಮ್ಮ, ಕಾರಣ ಅಂತ ಒಂದು ಬೇಕಲ್ಲ. ಹುಷಾರಿಲ್ವಾ ಅದಕ್ಕೆ? ಏನಾದ್ರೂ ಕಾಯಿಲೆನಾ?"

"ಏನೂ ಇಲ್ಲ. ಚೆನ್ನಾಗಿದ್ದಾನೆ. ಕೊಡಲ್ಲ."

ಭಾವ ಇವರ ಕಡೆ ನೋಡಿದರು. ಇವರು ತಟ್ಟೆಯ ಕಡೆ ನೋಡಿದರು. ಭಾವ ಕೊನೆಗೆ ತಮ್ಮ ಅಮ್ಮನ ಕಡೆ ತಿರುಗಿದರು. "ಏನಮ್ಮ, ನೀನೇ ಅಲ್ವಾ ಫೋನ್ ಮಾಡಿದ್ದು? ಈಗ ನೀನಾದ್ರೂ ಹೇಳು."

ಅತ್ತೆ ಅನ್ನದ ಪಾತ್ರೆಯನ್ನು ನನ್ನ ಕಡೆ ಸರಿಸಿದರು.

"ಅವಳು ಊಟ ಮಾಡ್ತಿದ್ದಾಳೆ. ಊಟದ ಮಧ್ಯೆ ಅವಳನ್ನು ಮಾತಾಡಿಸ್ಬೇಡ. ನೀನೂ ಕೈ ತೊಳ್ಕೊಂಡು ಬಾ, ಕೂತ್ಕೋ."

ಭಾವ ಸರಪಳಿಯನ್ನು ಸರಳಿನ ಮೇಲೆಯೇ ಬಿಟ್ಟು ಕೈ ತೊಳೆಯಲು ಹೋದರು. ಭಾವನ ಹಿಂದೆಯೇ ಮೇಲೆ ಬಂದಿದ್ದ ಮಂತ್ರಿ ಬಾಲ್ಕನಿಯಲ್ಲಿ ತನ್ನ ಬಟ್ಟಲು ನೆಕ್ಕುವ ಸದ್ದು ಕೇಳುತ್ತಿತ್ತು. ಒಳಕೋಣೆಯಲ್ಲಿ ಪುಟ್ಟಿ ಎದ್ದು ಅಳತೊಡಗಿದಳು.

ನಾನು ಇನ್ನೊಂದು ಸಲ ಅನ್ನ ಹಾಕಿಕೊಂಡೆ. ಅಳು ನಿಂತಿತು. ಯಾರು ಹೋಗಿ ಎತ್ತಿಕೊಂಡರೋ ನೋಡಲಿಲ್ಲ.